ಕೊಕ್ಕೆ ಅಲುಗಬಾರದು: ಫ್ಲೈ ಕಟ್ಟುವ ವೈಸ್ ಬಗ್ಗೆ ಓದುಗರ ಪ್ರಶ್ನೆಗಳು

ಗಾಳದ ಕೊಕ್ಕೆಗೆ ದಾರ, ಪುಕ್ಕ, ತುಪ್ಪಳ ಸುತ್ತಿ ಮೀನಿನ ಕಣ್ಣಿಗೆ ಹುಳುವಿನಂತೆ ಕಾಣುವ ‘ಫ್ಲೈ’ ಕಟ್ಟುವವರು ನಮ್ಮ ಓದುಗರಲ್ಲಿ ಹೆಚ್ಚುತ್ತಿದ್ದಾರೆ. ಅವರಿಂದ ಬಂದ ಪತ್ರಗಳಲ್ಲಿ ಬಹುಪಾಲು ಕೊಕ್ಕೆ ಹಿಡಿಯುವ ವೈಸ್ ಕುರಿತೇ ಇವೆ. ಈ ಸಲದ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಯ ಫ್ಲೈ ಟೈಯಿಂಗ್ ಕಿಟ್ ತರಿಸಿದ್ದೇನೆ. ವೈಸ್‌ನ ಲಿವರ್ ಪೂರ್ತಿ ಕೆಳಗೆ ಒತ್ತಿದರೂ ದಾರ ಎಳೆದ ಕೂಡಲೇ ಕೊಕ್ಕೆ ಜಾರಿ ಕೆಳಗೆ ವಾಲುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಲಿವರ್ ಮುರಿದೀತೆಂಬ ಭಯ. ಬಳಸುವ ಕ್ರಮದ ಚೀಟಿಯೂ ಬಂದಿಲ್ಲ. ಏನು ಮಾಡಲಿ? — ಓದುಗರು, ಬೆಂಗಳೂರು

ಉತ್ತರ: ಲಿವರ್ ಮೇಲೆ ಬಲ ಹಾಕಬೇಡಿ. ತೊಂದರೆ ಇರುವುದು ಲಿವರ್‌ನಲ್ಲಲ್ಲ, ಅದಕ್ಕೂ ಮುಂಚೆ ಮಾಡಬೇಕಾದ ಹೊಂದಾಣಿಕೆಯಲ್ಲಿ.

ಕಿಟ್‌ಗಳಲ್ಲಿ ಬರುವ ವೈಸ್‌ಗಳು ಹೆಚ್ಚಾಗಿ ಅಮೆರಿಕದ ಥಾಂಪ್ಸನ್ ಕಂಪನಿಯ ‘ಮಾಡೆಲ್ ಎ’ ಮಾದರಿಯವು. ಇಂಥವು ನಮ್ಮ ದೇಶದಲ್ಲೂ ತಯಾರಾಗಿ ಹೊರಗೆ ಹೋಗುತ್ತವೆ. ಇವುಗಳ ದವಡೆ ಎಂದರೆ ಮುಂತುದಿ ಸೀಳಿದ ಒಂದು ಉಕ್ಕಿನ ಸರಳು. ಅದರ ಸುತ್ತ ಒಂದು ಕೊಳವೆ. ಲಿವರ್ ಒತ್ತಿದಾಗ ಅದರ ಬುಡದ ಕ್ಯಾಮ್ (ಉಬ್ಬುಚಕ್ರ) ಸರಳನ್ನು ಹಿಂದಕ್ಕೆ ಎಳೆಯುತ್ತದೆ, ಕೊಳವೆಯ ಬಾಯಿ ದವಡೆಯನ್ನು ಅಮುಕುತ್ತದೆ. ಸೀಸದ ಕಡ್ಡಿ ಹಾಕುವ ಪೆನ್ ಪೆನ್ಸಿಲಿನ ತುದಿ ಕಡ್ಡಿಯನ್ನು ಹಿಡಿಯುವುದೂ ಹೀಗೆಯೇ. ಕ್ಯಾಮ್ ಎಳೆಯುವ ದೂರ ಬಹಳ ಸಣ್ಣದು, ಒಂದೆರಡು ಮಿಲಿಮೀಟರ್ ಅಷ್ಟೇ. ದವಡೆಯ ಸಂದು ಕೊಕ್ಕೆಯ ತಂತಿಗಿಂತ ತುಂಬ ಅಗಲವಾಗಿದ್ದರೆ ಲಿವರ್ ಕೊನೆ ಮುಟ್ಟಿದರೂ ಹಿಡಿತ ಸಿಗುವುದಿಲ್ಲ. ನಿಮ್ಮಲ್ಲಿ ಆಗಿರುವುದು ಇದೇ.

ಲಿವರನ್ನು ಪೂರ್ತಿ ಮೇಲೆತ್ತಿ ಸಡಿಲ ಬಿಡಿ. 10 ಅಥವಾ 12ನೇ ಸೈಜಿನ ಕೊಕ್ಕೆ ತೆಗೆದುಕೊಳ್ಳಿ. (ಈ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, 1/0, 2/0 ಎಂದು ಸೊನ್ನೆ ಸೇರಿದರೆ ಮಾತ್ರ ಅಂಕಿಯೊಂದಿಗೆ ಕೊಕ್ಕೆಯೂ ದೊಡ್ಡದಾಗುತ್ತದೆ.) ದವಡೆಗೂ ಲಿವರ್‌ಗೂ ನಡುವೆ ಮೈಮೇಲೆ ಗೀರು ಕೊರೆದ, ಬೆರಳಿನಿಂದ ತಿರುಗಿಸುವ ಬಳೆಯೊಂದಿರುತ್ತದೆ. ಕೊಕ್ಕೆಯ ಬಾಗನ್ನು ದವಡೆಯ ಸಂದಿನಲ್ಲಿಟ್ಟು ಆ ಬಳೆಯನ್ನು ನಿಧಾನವಾಗಿ ತಿರುಗಿಸಿ. ಕೈಬಿಟ್ಟರೆ ಕೊಕ್ಕೆ ಬೀಳಬಾರದು, ಬೆರಳಲ್ಲಿ ಎಳೆದರೆ ಈಚೆ ಬರಬೇಕು. ಸಂದು ಅಷ್ಟಕ್ಕೆ ಬಂದಾಗ ನಿಲ್ಲಿಸಿ. ಈಗ ಲಿವರ್ ಒತ್ತಿ. ಅದರ ಪಯಣದ ಅರ್ಧ ದಾಟಿದ ಮೇಲೆ ಬಿಗಿ ಕಾಣಿಸಿಕೊಂಡು, ಕೊನೆ ಮುಟ್ಟುವ ಸ್ವಲ್ಪ ಮುಂಚೆ ಗಟ್ಟಿಯಾಗಿ ನಿಂತರೆ ಸರಿಯಾಯಿತು. ಬಿಗಿಯೇ ಸಿಗದೆ ಕೊನೆ ಮುಟ್ಟಿದರೆ ಲಿವರ್ ಸಡಿಲಿಸಿ, ಬಳೆಯನ್ನು ಕಾಲು ಸುತ್ತು ಬಿಗಿ ಮಾಡಿ. ಅರ್ಧಕ್ಕೇ ನಿಂತು ಅಂಗೈಯ ಬಲ ಕೇಳಿದರೆ ಕಾಲು ಸುತ್ತು ಸಡಿಲ ಮಾಡಿ. ಹೆಬ್ಬೆರಳೊಂದರ ಬಲ ಸಾಕಾಗಬೇಕು. ಲಿವರ್ ಒತ್ತಿರುವಾಗ ಮಾತ್ರ ಬಳೆಯನ್ನು ಎಂದೂ ತಿರುಗಿಸಬೇಡಿ, ಅದರ ತಿರುಪಿನ ಎಳೆ ಸವೆದುಹೋಗುತ್ತದೆ.

ಹಿಡಿತ ಪರೀಕ್ಷಿಸಲು ಕೊಕ್ಕೆಯ ಕಣ್ಣನ್ನು (ಗಾಳದ ದಾರ ಕಟ್ಟುವ ತೂತು) ಹೆಬ್ಬೆರಳಿನ ಉಗುರಿನಿಂದ ಕೆಳಗೆ ಒತ್ತಿ ಥಟ್ಟನೆ ಬಿಡಿ. ತಂತಿ ಬಾಗಿ, ‘ಟಿಣ್’ ಎಂದು ಮೊದಲಿನ ಜಾಗಕ್ಕೇ ಬಂದರೆ ಹಿಡಿತ ಸರಿಯಿದೆ. ವಾಲಿದಲ್ಲೇ ನಿಂತರೆ ಜಾರಿದೆ ಎಂದರ್ಥ.

ಕೊಕ್ಕೆಯ ಸೈಜ್ ಬದಲಾದಾಗಲೆಲ್ಲ ಇಷ್ಟನ್ನೂ ಮತ್ತೆ ಮಾಡಬೇಕು. ಒಮ್ಮೆ ಕೂತಾಗ ಒಂದೇ ಸೈಜಿನ ಹತ್ತು-ಹನ್ನೆರಡು ಫ್ಲೈ ಕಟ್ಟುವ ರೂಢಿ ಒಳ್ಳೆಯದು ಎನ್ನುವುದಕ್ಕೆ ಇದೂ ಒಂದು ಕಾರಣ. ರೀಗಲ್ ವೈಸ್‌ಗಳಂತೆ ಸ್ಪ್ರಿಂಗ್ ದವಡೆ ಇರುವವುಗಳಿಗೆ ಈ ಹೊಂದಾಣಿಕೆ ಬೇಕಿಲ್ಲ. ಅಲ್ಲಿ ಲಿವರ್ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗೇ ಕಚ್ಚಿಕೊಳ್ಳುತ್ತದೆ. ಆದರೆ ಬೆಲೆ ಹಲವು ಪಟ್ಟು ಹೆಚ್ಚು. ಹೊಸಬರು ಈಗಿರುವುದರಲ್ಲೇ ಕೈ ಪಳಗಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಮಾಡಿಯೂ ಜಾರಿದರೆ ದವಡೆಯ ಒಳಮೈ ನೋಡಿ. ಹೊಸ ವೈಸ್‌ಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಳಿದಿರುತ್ತಾರೆ. ಬಟ್ಟೆಗೆ ಸ್ಪಿರಿಟ್ ಹಾಕಿ ಸಂದನ್ನು ಒರೆಸಿ. ಕೊಕ್ಕೆಯನ್ನೂ ಒರೆಸಿ.

ಪ್ರಶ್ನೆ: ದಾರ ಸುತ್ತುವಾಗ ಕೊಕ್ಕೆಯ ಮೊನೆಗೆ ತಗುಲಿ ತುಂಡಾಗುತ್ತದೆ. ಮೊನೆಯನ್ನು ದವಡೆಯೊಳಗೇ ಮುಚ್ಚಿ ಹಿಡಿಯಬಹುದಲ್ಲವೇ? — ಓದುಗರು, ಮಂಗಳೂರು

ಉತ್ತರ: ಬೇಡ. ಹಾಗೆ ಹಿಡಿಯುವವರು ಇದ್ದಾರೆ, ಆದರೂ ನಾವು ಬೇಡವೆನ್ನುತ್ತೇವೆ. ಕೊಕ್ಕೆಯ ಉಕ್ಕು ಕಾಯಿಸಿ ಗಡಸು ಮಾಡಿದ್ದು. ಬಾಗುವ ಬದಲು ಮುರಿಯುವ ಸ್ವಭಾವ ಅದಕ್ಕಿದೆ. ಮೊನೆಯ ಹಿಂದಿನ ಮುಳ್ಳನ್ನು ತಂತಿಯಿಂದಲೇ ಕೊರೆದು ಎಬ್ಬಿಸಿರುತ್ತಾರೆ, ಹಾಗಾಗಿ ಇಡೀ ಕೊಕ್ಕೆಯಲ್ಲಿ ಅತ್ಯಂತ ದುರ್ಬಲ ಜಾಗ ಅದೇ. ಅಲ್ಲಿ ದವಡೆ ಒತ್ತಿದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಅದು ಗೊತ್ತಾಗುವುದು ಮೀನು ಕಚ್ಚಿ ಎಳೆದಾಗಲೇ.

ಹಿಡಿಯಬೇಕಾದ್ದು ಬಾಗಿನ ಕೆಳಭಾಗವನ್ನು, ಮುಳ್ಳಿನಿಂದ ಸ್ವಲ್ಪ ಹಿಂದೆ. ಮೊನೆ ಮತ್ತು ಮುಳ್ಳು ಎರಡೂ ದವಡೆಯಿಂದ ಹೊರಗೆ ಕಾಣಬೇಕು. ಕಣ್ಣಿನಿಂದ ಬಾಗಿನವರೆಗಿನ ನೇರ ಕಡ್ಡಿ ಮೇಜಿಗೆ ಸಮಾನಾಂತರವಾಗಿರಲಿ. ಕಣ್ಣಿನ ಕಡೆ ಇಳಿಜಾರಾಗಿದ್ದರೆ ಸುತ್ತಿದ ದಾರ ಮುಂದಕ್ಕೆ ಜರಗುತ್ತದೆ. ಬಲಗೈಯವರಿಗೆ ಕೊಕ್ಕೆಯ ಕಣ್ಣು ಬಲಕ್ಕಿರಬೇಕು.

16ನೇ ಸೈಜ್ ಮತ್ತು ಅದಕ್ಕಿಂತ ಚಿಕ್ಕ ಕೊಕ್ಕೆಗಳನ್ನು ದವಡೆಯ ತುದಿಯಲ್ಲಿ ಹಿಡಿಯಿರಿ, ಬೆರಳಾಡಿಸಲು ಜಾಗ ಸಿಗುತ್ತದೆ. ದೊಡ್ಡ ಕೊಕ್ಕೆಗೆ ಒಳಭಾಗವೇ ಸರಿ. ಡೈನಾ-ಕಿಂಗ್‌ನಂಥ ಕೆಲವು ವೈಸ್‌ಗಳ ದವಡೆಯಲ್ಲಿ ಇದಕ್ಕೆಂದೇ ತೋಡು ಕೊರೆದಿರುತ್ತದೆ. ದಪ್ಪ ತಂತಿಯನ್ನು ತುದಿಯಲ್ಲಿ ಕಚ್ಚಿಸಿದರೆ ತುದಿಯ ಉಕ್ಕು ಚಕ್ಕೆ ಏಳುತ್ತದೆ. ಆಮೇಲೆ ಅದು ಚಿಕ್ಕ ಕೊಕ್ಕೆಗೂ ಉಪಯೋಗವಿಲ್ಲ.

ಇನ್ನು ದಾರದ ವಿಷಯ. ಬಾಬಿನ್ (ದಾರದ ಉರುಳೆ ಹಿಡಿಯುವ ಸಾಧನ) ಕೊಳವೆಯ ಬಾಯಿಂದ ಕೊಕ್ಕೆಯವರೆಗೆ ಮೂರು-ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ದಾರ ಬಿಡಬೇಡಿ. ಉದ್ದ ಬಿಟ್ಟಷ್ಟೂ ಸುತ್ತು ದೊಡ್ಡದಾಗಿ ಮೊನೆಗೆ ತಾಗುತ್ತದೆ. ಎಷ್ಟೋ ಸಲ ಮೊನೆ ತಾಗಿದಾಗ ದಾರ ಪೂರ್ತಿ ತುಂಡಾಗದೆ ನಾಲ್ಕಾರು ನೂಲೆಳೆ ಮಾತ್ರ ಕಡಿಯುತ್ತದೆ, ಫ್ಲೈ ಮುಗಿಯುವ ಹೊತ್ತಿಗೆ ಉಳಿದದ್ದೂ ಹೋಗುತ್ತದೆ. ತಾಗಿದ್ದು ಗೊತ್ತಾದ ಕೂಡಲೇ ದಾರದ ಮೈ ನೋಡಿ. ನವಿರಾದ ಎಳೆ ಎದ್ದಿದ್ದರೆ ಅಷ್ಟು ಉದ್ದವನ್ನು ಬಿಚ್ಚಿ ಕತ್ತರಿಸಿ ಮತ್ತೆ ಶುರುಮಾಡಿ. ಬಾಬಿನ್ ಕೊಳವೆಯ ಬಾಯಿ ಒರಟಾಗಿದ್ದರೂ ಇದೇ ಆಗುತ್ತದೆ. ಕಿಟ್‌ನ ಅಗ್ಗದ ಬಾಬಿನ್‌ಗಳಲ್ಲಿ ಈ ದೋಷ ಸಾಮಾನ್ಯ. ಒಳಗೆ ಸೆರಾಮಿಕ್ ಇರುವ ಬಾಬಿನ್ ಕೊಂಡರೆ ಆ ತಲೆನೋವಿಲ್ಲ.

ಪ್ರಶ್ನೆ: ಒಂದು ಗಂಟೆ ಕೂತರೆ ಕತ್ತು, ಭುಜ ಹಿಡಿದುಕೊಳ್ಳುತ್ತದೆ. ಮೇಜಿಗೆ ಕಚ್ಚಿಸುವ ಕ್ಲ್ಯಾಂಪ್ ಒಳ್ಳೆಯದೋ, ಭಾರದ ಪೀಠ ಒಳ್ಳೆಯದೋ? — ಓದುಗರು, ಡೆನ್ವರ್, ಅಮೆರಿಕ

ಉತ್ತರ: ಕತ್ತಿನ ನೋವಿಗೆ ಕಾರಣ ಸಾಮಾನ್ಯವಾಗಿ ಎತ್ತರ. ಕೊಕ್ಕೆ ನಿಮ್ಮ ಎದೆಯ ಕೆಳಭಾಗದ ಮಟ್ಟಕ್ಕೆ, ಕಣ್ಣಿನಿಂದ 30–40 ಸೆಂಟಿಮೀಟರ್ ದೂರದಲ್ಲಿರಲಿ. ಮುಂಗೈ ಮೇಜಿನ ಮೇಲೆ ಒರಗಿರಬೇಕು, ಭುಜ ಎತ್ತುವಂತಿರಬಾರದು. ವೈಸ್‌ನ ಕಂಬದ ತಿರುಪು ಸಡಿಲಿಸಿ, ದವಡೆ ಇರುವ ತಲೆಭಾಗವನ್ನು ಏರಿಸಿ ಇಳಿಸಿ ನೋಡಿ. ಕಂಬ ಸಾಲದಿದ್ದರೆ ಕುರ್ಚಿಯನ್ನು ತಗ್ಗಿಸಿ.

ಕ್ಲ್ಯಾಂಪ್ ಅಲುಗುವುದಿಲ್ಲ, ಎತ್ತರ ಹೊಂದಿಸುವುದೂ ಸುಲಭ. ಆದರೆ ವೈಸ್ ಮೇಜಿನ ಅಂಚಿಗೇ ಬರುವುದರಿಂದ ಮುಂಗೈಗೆ ಆಸರೆ ಇಲ್ಲ. ಕೊಳ್ಳುವ ಮುಂಚೆ ಮೇಜಿನ ಹಲಗೆ ಎಷ್ಟು ದಪ್ಪ, ಅದರ ಕೆಳಗೆ ಅಡ್ಡಪಟ್ಟಿ ಇದೆಯೇ ನೋಡಿಕೊಳ್ಳಿ. ಊಟದ ಮೇಜುಗಳಲ್ಲಿ ಈ ಪಟ್ಟಿಯೇ ಕ್ಲ್ಯಾಂಪನ್ನು ಕೂರಲು ಬಿಡುವುದಿಲ್ಲ. ಪೀಠದ ವೈಸನ್ನು ಮೇಜಿನ ಅಂಚಿನಿಂದ 15–20 ಸೆಂಟಿಮೀಟರ್ ಒಳಗೆ ಇಟ್ಟುಕೊಳ್ಳಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಪೀಠ ಎರಡು ಕಿಲೋಗಿಂತ ಹಗುರವಾಗಿದ್ದರೆ ಜಿಂಕೆಯ ತುಪ್ಪಳವನ್ನು ಬಿಗಿದು ಎಳೆಯುವಾಗ ವೈಸೇ ನಿಮ್ಮ ಕಡೆ ಸರಿಯುತ್ತದೆ. ತಳಕ್ಕೆ ತೆಳು ರಬ್ಬರ್ ಹಾಳೆ ಹಾಕಿ. ವೈಸ್‌ನ ಹಿಂದೆ ಒಂದು ಗೇಣು ದೂರದಲ್ಲಿ ತಿಳಿ ಬೂದು ಅಥವಾ ಕೆನೆ ಬಣ್ಣದ ರಟ್ಟು ನಿಲ್ಲಿಸಿದರೆ ಕಣ್ಣಿನ ದಣಿವೂ ಅರ್ಧ ಇಳಿಯುತ್ತದೆ.

ಪ್ರಶ್ನೆ: ರೋಟರಿ ವೈಸ್ ಎಂದು ಮಾರಿದರು. ತಿರುಗಿಸಿದರೆ ಕೊಕ್ಕೆ ಇದ್ದಲ್ಲೇ ತಿರುಗದೆ ದೊಡ್ಡ ವೃತ್ತ ಹೊಡೆಯುತ್ತದೆ. ಇದು ದೋಷವೇ? — ಓದುಗರು, ಹುಬ್ಬಳ್ಳಿ

ಉತ್ತರ: ದವಡೆ ಮೇಲ್ಮುಖವಾಗಿ ಓರೆಯಾಗಿದ್ದು, ತಲೆ ಮಾತ್ರ ತಿರುಗುವ ವೈಸ್‌ಗಳೂ ಇವೆ. ಅಂಥದರಲ್ಲಿ ಕೊಕ್ಕೆ ವೃತ್ತ ಹೊಡೆಯುವುದು ಸಹಜ. ಅದು ಫ್ಲೈನ ಹಿಂಬದಿ, ತಳ ನೋಡುವುದಕ್ಕೆ ಅಷ್ಟೇ. ನಿಜವಾದ ರೋಟರಿಯಲ್ಲಿ ದವಡೆಯ ಬುಡ ಮೊಣಕೈಯಂತೆ ಬಳಸಿ ಕೆಳಗೆ ಇಳಿದಿರುತ್ತದೆ, ಕೊಕ್ಕೆಯ ಕಡ್ಡಿ ತಿರುಗುವ ಅಕ್ಷದ ಮೇಲೆಯೇ ಬರುತ್ತದೆ. ನಿಮ್ಮದು ಇಂಥದ್ದಾದರೆ ಹೊಂದಿಸಿಕೊಳ್ಳಬಹುದು.

ಕೊಕ್ಕೆ ಕಚ್ಚಿಸಿ, ಅದರ ಕಣ್ಣಿನ ಎದುರು ಸೂಜಿಯೊಂದನ್ನು ಅಲುಗದಂತೆ ಹಿಡಿದು ಅರ್ಧ ಸುತ್ತು ತಿರುಗಿಸಿ. ಕಣ್ಣು ಸೂಜಿಯಿಂದ ಮೇಲೆ ಅಥವಾ ಕೆಳಗೆ ಸರಿದರೆ, ಸರಿದ ದೂರದ ಅರ್ಧದಷ್ಟು ದವಡೆಯನ್ನು ಎದುರು ದಿಕ್ಕಿಗೆ ಜರುಗಿಸಿ. ದವಡೆ ಜರುಗಿಸುವ ಏರ್ಪಾಡು ಇಲ್ಲದಿದ್ದರೆ ಕೊಕ್ಕೆಯನ್ನೇ ಬಾಗಿನಲ್ಲಿ ಸ್ವಲ್ಪ ಮೇಲೆ ಕೆಳಗೆ ಮಾಡಿ ಹಿಡಿಯಿರಿ. ಸೂಜಿಯ ಮೊನೆ ಬಿಟ್ಟು ಕಣ್ಣು ಅಲುಗದಿದ್ದರೆ ಸಾಕು.

ತಿರುಗಿಸುವ ಮುಂಚೆ ದಾರಕ್ಕೆ ಒಂದು ಅರ್ಧ ಗಂಟು ಹಾಕಿ, ಬಾಬಿನ್ನನ್ನು ವೈಸ್‌ನ ಮುಂದೆ ಅದಕ್ಕೆಂದೇ ಇರುವ ತೊಟ್ಟಿಲು ಕಡ್ಡಿಯ ಮೇಲೆ ಇಡಿ. ದಾರ ಕೊಕ್ಕೆಯ ಕಣ್ಣಿನಿಂದ ತೊಟ್ಟಿಲಿಗೆ ನೇರ ಅಕ್ಷದ ಗುಂಟ ಹೋಗಬೇಕು. ಇಲ್ಲದಿದ್ದರೆ ಪುಕ್ಕದ ಜೊತೆಗೆ ದಾರವೂ ಸುತ್ತಿಕೊಳ್ಳುತ್ತದೆ. ಎಡಗೈಯಲ್ಲಿ ಹಿಡಿಕೆ ತಿರುಗಿಸಿ, ಬಲಗೈಯಲ್ಲಿ ಪುಕ್ಕ ಅಥವಾ ಜರಿ ಹಿಡಿದು ಕಣ್ಣಿನ ಕಡೆ ಸಾಗಿಸಿ. ಕೊಕ್ಕೆಯ ಮೇಲ್ಭಾಗ ನಿಮ್ಮ ಕಡೆಗೆ ಬರುವಂತೆ ತಿರುಗಿಸಿದರೆ ಸುತ್ತಿನ ದಿಕ್ಕು ಕೈಯಲ್ಲಿ ಸುತ್ತಿದ ದಾರದ ದಿಕ್ಕೇ ಆಗುತ್ತದೆ. ಪುಕ್ಕದ ಮೇಲೆ ತಾಮ್ರದ ತಂತಿ ಬಿಗಿಯುವಾಗ ಮಾತ್ರ ಬೇಕೆಂದೇ ಉಲ್ಟಾ ತಿರುಗಿಸಿ. ಆಗ ತಂತಿ ಪುಕ್ಕದ ದಂಟನ್ನು ಅಡ್ಡ ದಾಟಿ ಹಿಡಿಯುತ್ತದೆ, ಮೀನಿನ ಹಲ್ಲಿಗೆ ಸಿಕ್ಕರೂ ಪುಕ್ಕ ಬಿಚ್ಚಿಕೊಳ್ಳುವುದಿಲ್ಲ. ಸಾಧಾರಣ ಕೆಲಸಕ್ಕೆ ತಲೆಯ ತಿರುಪನ್ನು ಬಿಗಿ ಮಾಡಿಡಿ.

ಪ್ರಶ್ನೆ: 2/0 ಕೊಕ್ಕೆಗೆ ಮಹಶೀರ್ ಮೀನಿಗಾಗಿ ಸ್ಟ್ರೀಮರ್ (ಸಣ್ಣ ಮೀನಿನಂತೆ ಕಾಣುವ ಫ್ಲೈ) ಕಟ್ಟಬೇಕು. ನನ್ನ ಸಣ್ಣ ವೈಸ್ ತಡೆಯುತ್ತದೆಯೇ? ತೋಟದ ಅಂಚಿನಲ್ಲಿ ಸಿಗುವ ಕಾಡುಕೋಳಿಯ ಕತ್ತಿನ ಗರಿ ಬಳಸಬಹುದೇ? — ಓದುಗರು, ಕೊಡಗು

ಉತ್ತರ: ಕಿಟ್ ವೈಸ್ 2/0ಗೆ ಸಾಲದು. ಮಹಶೀರ್ ಕೊಕ್ಕೆಯ ತಂತಿ ಬಹಳ ದಪ್ಪ. ಬಲವಂತವಾಗಿ ತೂರಿಸಿದರೆ ದವಡೆಯ ಸೀಳು ಬಾಯಿಬಿಟ್ಟು ಹಾಗೇ ಉಳಿಯುತ್ತದೆ. ದೊಡ್ಡ ಕೊಕ್ಕೆಯ ದವಡೆ ಬದಲಾಯಿಸಿ ಹಾಕಬಹುದಾದ ವೈಸ್ ನೋಡಿ. ಫ್ಲೈ ಕಟ್ಟುವ ಮುಂಚೆಯೇ ಕೊಕ್ಕೆಯ ಮುಳ್ಳನ್ನು ಚಪ್ಪಟೆ ಇಕ್ಕಳದಿಂದ ಮಡಚಿ. ವೈಸ್‌ನ ದವಡೆಯಿಂದ ಈ ಕೆಲಸ ಬೇಡ. ಕಟ್ಟುವ ಮುಂಚೆ ಮಡಚುವಾಗ ಕೊಕ್ಕೆ ಮುರಿದರೆ ನಷ್ಟ ಕೊಕ್ಕೆಯದು ಮಾತ್ರ, ಕಟ್ಟಿ ಮುಗಿಸಿದ ಮೇಲಾದರೆ ಗಂಟೆಯ ಕೆಲಸವೂ ಹೋಯಿತು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಐಯುಸಿಎನ್ (ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. ಅದರ ಬಾಯಲ್ಲಿ ಮುಳ್ಳಿಲ್ಲದ ಕೊಕ್ಕೆಯೇ ಇರಬೇಕು, ಹಿಡಿದ ಮೀನು ನೀರಿಗೇ ಮರಳಬೇಕು. ಗಾಳ ಹಾಕುವ ಮುನ್ನ ಆ ಜಾಗಕ್ಕೆ ಅನುಮತಿ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಕಾಡುಕೋಳಿಯ ಗರಿ ಬೇಡವೇ ಬೇಡ. ಅದರ ಕತ್ತಿನ ಗರಿಯ ಮೇಲಿನ ಹೊಳಪು ಚುಕ್ಕೆಗಾಗಿ ಇಂಗ್ಲೆಂಡು, ಸ್ಕಾಟ್ಲೆಂಡಿನ ಸಾಲ್ಮನ್ ಫ್ಲೈ ಕಟ್ಟುವವರು ಒಂದು ಕಾಲದಲ್ಲಿ ನಮ್ಮ ಕಾಡುಗಳಿಂದ ಅಪಾರವಾಗಿ ತರಿಸಿಕೊಂಡರು. ಈಗ ಈ ಹಕ್ಕಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಗರಿ ತಾನಾಗಿ ಉದುರಿದ್ದು ಎಂದು ತನಿಖೆಗೆ ಬಂದವರಿಗೆ ನೀವು ಸಾಬೀತು ಮಾಡಲಾರಿರಿ. ನಾಟಿ ಹುಂಜದ ಕತ್ತಿನ ಗರಿ ತೆಗೆದುಕೊಳ್ಳಿ. ಭಾರತದ ಹುಂಜದ ಗರಿಗೆ ಹೊರದೇಶದ ಫ್ಲೈ ಕಟ್ಟುವವರಲ್ಲಿ ಹಳೆಯ ಕಾಲದಿಂದ ಬೇಡಿಕೆ ಇದೆ. ಚುಕ್ಕೆ ಬೇಕೇ ಬೇಕಿದ್ದರೆ ಕಪ್ಪು ಗರಿಯ ಮೇಲೆ ಕೆನೆ ಬಣ್ಣದ ನೇಲ್ ಪಾಲಿಶ್‌ನ ಒಂದು ಹನಿ ಇಟ್ಟು ಒಣಗಿಸಿ.

ಪ್ರಶ್ನೆ: ಮಳೆಗಾಲದಲ್ಲಿ ದವಡೆಗೆ ತುಕ್ಕು. ಎಣ್ಣೆ ಹಾಕಬಹುದೇ? — ಓದುಗರು, ಉಡುಪಿ

ಉತ್ತರ: ಹೊಲಿಗೆ ಯಂತ್ರದ ಎಣ್ಣೆ, ಕ್ಯಾಮ್‌ಗೆ ಒಂದು ಹನಿ, ತಿರುಗುವ ಅಚ್ಚಿಗೆ ಒಂದು ಹನಿ. ದವಡೆಯ ಹೊರಮೈಗೆ ಎಣ್ಣೆ ಒರೆಸಿದ ಬಟ್ಟೆ ಸವರಿದರೆ ಸಾಕು, ಕೊಕ್ಕೆ ಕಚ್ಚುವ ಒಳಮೈಗೆ ತಾಗಬಾರದು. ಬಂದಿರುವ ತುಕ್ಕನ್ನು ತೀರ ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಿ. ಉಪ್ಪುಕಾಗದ ಹಾಕಿದರೆ ತುದಿ ಸವೆದು ಎರಡು ದವಡೆ ಸಮನಾಗಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಕೊಕ್ಕೆ ತೆಗೆದು, ಲಿವರ್ ಸಡಿಲ ಬಿಟ್ಟು, ತಲೆಯ ಭಾಗವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಕೊಕ್ಕೆಗಳ ಡಬ್ಬಿಗೂ ಒಂದು ಪೊಟ್ಟಣ ಹಾಕಿ.