ಹಳೆಯ ವಿಮಾನ ಕೊಳ್ಳುವ ಮುನ್ನ ಏನೇನು ಪರಿಶೀಲಿಸಬೇಕು?

1970ರ ದಶಕದಲ್ಲಿ ತಯಾರಾದ, ನಾಲ್ಕು ಆಸನಗಳ, ಒಂದೇ ಪಿಸ್ಟನ್ ಎಂಜಿನ್ ಇರುವ ವಿಮಾನವೊಂದು ಮಾರಾಟಕ್ಕಿದೆ, ಅದು ಒಟ್ಟು ಹಾರಿರುವ ಗಂಟೆಗಳು ಬಹಳ ಕಡಿಮೆ, ಕೆಲವು ವರ್ಷಗಳಿಂದ ಹ್ಯಾಂಗರಿನಲ್ಲೇ ಜೋಪಾನವಾಗಿದೆ, ಕೊಳ್ಳುವ ಮುನ್ನ ಏನನ್ನು ನೋಡಬೇಕು ಎಂದು ಕೇಳಿದ್ದೀರಿ. ಸಣ್ಣ ವಿಮಾನಗಳ ನಿರ್ವಹಣೆ ನನ್ನ ವೃತ್ತಿ. ಕೊಳ್ಳುವವರ ಪರವಾಗಿ ಇಂತಹ ವಿಮಾನಗಳನ್ನು ಪರೀಕ್ಷಿಸುವುದೂ ಅದರಲ್ಲಿ ಸೇರಿದೆ. ನಿಮ್ಮ ವಿವರಣೆಯಲ್ಲಿ ನಿಮಗೆ ಸಮಾಧಾನ ತಂದಿರುವ ಸಂಗತಿಯೇ ನನಗೆ ಆತಂಕ ತರುತ್ತದೆ. ವರ್ಷಕ್ಕೆ ನೂರು ಗಂಟೆ ಹಾರುತ್ತಾ ಬಂದ ವಿಮಾನಕ್ಕಿಂತ ವರ್ಷಗಟ್ಟಲೆ ಹಾರದೆ ನಿಂತ ವಿಮಾನವನ್ನು ಹೆಚ್ಚು ಅನುಮಾನದಿಂದ ನೋಡಬೇಕು.

ಇದಕ್ಕೆ ಮೊದಲ ಕಾರಣ ಎಂಜಿನ್. ಈ ವರ್ಗದ ಬಹುಪಾಲು ವಿಮಾನಗಳಲ್ಲಿರುವ ಲೈಕಮಿಂಗ್ ಕಂಪನಿಯ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಇರುವುದು ಪ್ರೊಪೆಲ್ಲರನ್ನು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲುಗಡೆ; ಎಂಜಿನ್ ಓಡುವಾಗ ಒಳಗೆ ಸಿಡಿಯುವ ಎಣ್ಣೆಯೇ ಕ್ಯಾಮ್‌ನ ಉಬ್ಬುಗಳನ್ನು ತೋಯಿಸುತ್ತದೆ. ಎಂಜಿನ್ ತಿಂಗಳುಗಟ್ಟಲೆ ನಿಂತರೆ ಆ ಎಣ್ಣೆಯೆಲ್ಲ ಕೆಳಗಿಳಿದು, ಬರಿಯ ಉಕ್ಕಿನ ಮೇಲೆ ತೇವ ಕೂತು, ಕ್ಯಾಮ್ ಮತ್ತು ಅದಕ್ಕೆ ತಾಗಿ ಚಲಿಸುವ ಟ್ಯಾಪೆಟ್‌ಗಳ ಮುಖದಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಬೀಳುತ್ತವೆ. ಮತ್ತೆ ಎಂಜಿನ್ ಓಡಿಸಿದಾಗ ಆ ಗುಳಿಗಳ ಅಂಚೇ ಅರದಂತೆ ಉಜ್ಜಿ ಎರಡೂ ಭಾಗಗಳನ್ನು ಸವೆಸುತ್ತದೆ. ‘ವಾರಕ್ಕೊಮ್ಮೆ ಎಂಜಿನ್ ಓಡಿಸುತ್ತಿದ್ದೆವು’ ಎಂದು ಮಾರುವವರು ಹೇಳಿದರೆ ನೆಮ್ಮದಿ ಪಡಬೇಡಿ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಸಾಕಷ್ಟು ಬಿಸಿಯಾಗುವುದಿಲ್ಲ; ಇಂಧನ ಉರಿದಾಗ ಹುಟ್ಟುವ ನೀರಾವಿ ಹೊರಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ. ಆ ತೇವ ಆರಬೇಕಾದರೆ ಎಣ್ಣೆ 75 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯ್ದಿರುವಂತೆ ಸುಮಾರು ಒಂದು ಗಂಟೆ ಹಾರಲೇಬೇಕು.

ಈ ಹಾನಿ ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಕಾಗದವನ್ನು ಬಿಡಿಸಿ ಹರಡಿ, ಬೆಳಕಿನಲ್ಲಿ ನೋಡುವಂತೆ ನಿಮ್ಮ ಮೆಕ್ಯಾನಿಕ್‌ಗೆ ಹೇಳಿ. ಹೊಳೆಯುವ ಚೂರುಗಳಿದ್ದು ಅವು ಅಯಸ್ಕಾಂತಕ್ಕೆ ಅಂಟಿಕೊಂಡರೆ ಒಳಗೆ ಉಕ್ಕಿನ ಭಾಗವೊಂದು ಸವೆಯುತ್ತಿದೆ ಎಂದರ್ಥ. ವಿಮಾನ ನಿಜವಾಗಿಯೂ ವರ್ಷಗಟ್ಟಲೆ ನಿಂತಿದ್ದರೆ ಒಂದು ಸಿಲಿಂಡರನ್ನು ಬಿಚ್ಚಿ ಕ್ಯಾಮ್ ನೋಡಲು ಒಪ್ಪಿಗೆ ಕೇಳುವುದು ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಮಾರುವವರು ಒಪ್ಪದಿದ್ದರೆ ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಮಾಡಿಸಲೇಬೇಕು ಎಂದು ಲೆಕ್ಕಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ತಯಾರಕರು ಓವರ್‌ಹಾಲ್‌ಗೆ ಗಂಟೆಯ ಜೊತೆಗೆ ವರ್ಷದ ಮಿತಿಯನ್ನೂ ಸೂಚಿಸುತ್ತಾರೆ: ಲೈಕಮಿಂಗ್‌ನ ಅನೇಕ ಮಾದರಿಗಳಿಗೆ ಅದು 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಖಾಸಗಿ ಬಳಕೆಯ ವಿಮಾನಕ್ಕೆ ಇದು ಕಡ್ಡಾಯವೋ ಬರಿಯ ಸಲಹೆಯೋ ಎಂಬುದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು. ಆದರೆ ‘ಓವರ್‌ಹಾಲ್ ಆಗಿ ಕೇವಲ 300 ಗಂಟೆ’ ಎಂಬ ಜಾಹೀರಾತಿನ ಹಿಂದೆ ಆ ಓವರ್‌ಹಾಲ್ ಯಾವ ವರ್ಷ ಆದದ್ದು ಎಂದು ಕೇಳುವುದನ್ನು ಮಾತ್ರ ಮರೆಯಬಾರದು.

ಕಂಪ್ರೆಷನ್ ಪರೀಕ್ಷೆಯನ್ನು ಎಂಜಿನ್ ಬಿಸಿಯಿರುವಾಗಲೇ ಮಾಡಿಸಿ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟು ಎಷ್ಟು ಉಳಿಯಿತು ಎಂದು ಅಳೆಯುವ ಈ ಪರೀಕ್ಷೆಯಲ್ಲಿ ಉಳಿದ ಅಂಕಿಗಿಂತ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎಣ್ಣೆ ತುಂಬುವ ಬಾಯಲ್ಲಿ ಸುಯ್ಯೆನ್ನುವ ಸದ್ದು ಕೇಳಿದರೆ ಪಿಸ್ಟನ್ ರಿಂಗುಗಳ ಕಡೆ ನೋಡಬೇಕು. ಎಕ್ಸಾಸ್ಟ್ ಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರಬಹುದು. ಜೊತೆಗೆ ಸಿಲಿಂಡರಿನೊಳಗೆ ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾ ಇಳಿಸಿ ಪ್ರತಿ ಎಕ್ಸಾಸ್ಟ್ ವಾಲ್ವಿನ ಮುಖದ ಚಿತ್ರ ತೆಗೆಸಿ. ಸರಿಯಾದ ವಾಲ್ವಿನ ಮೇಲೆ ಬಣ್ಣದ ವರ್ತುಲಗಳು ನಡುವಿನಿಂದ ಎಲ್ಲ ಕಡೆಗೂ ಸಮನಾಗಿ ಹರಡಿರುತ್ತವೆ. ಒಂದು ಅಂಚಿನಲ್ಲಿ ಮಾತ್ರ ಬಣ್ಣ ಬದಲಾಗಿದ್ದರೆ ಆ ವಾಲ್ವ್ ಹೆಚ್ಚು ಕಾಲ ಬಾಳುವುದಿಲ್ಲ.

ಎರಡನೆಯದು ಏರ್‌ಫ್ರೇಮ್, ಅಂದರೆ ರೆಕ್ಕೆ, ಬಾಲ ಸೇರಿದ ವಿಮಾನದ ಒಡಲು; ಇಲ್ಲಿ ದುರಸ್ತಿಯ ಖರ್ಚಿನ ಜೊತೆಗೆ ಪ್ರಾಣದ ಪ್ರಶ್ನೆಯೂ ಇದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದ ಡೇಟೋನಾ ಬೀಚ್ ಬಳಿ ತರಬೇತಿಯಲ್ಲಿದ್ದ ಪೈಪರ್ ಪಿಎ-28ಆರ್ ವಿಮಾನದ ಎಡರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರು ಸತ್ತರು. ರೆಕ್ಕೆಯ ಭಾರ ಹೊರುವ ಸ್ಪಾರ್‌ನ ಬೋಲ್ಟ್ ರಂಧ್ರವೊಂದರಲ್ಲಿ, ಲೋಹ ದಣಿದು, ಬಿರುಕು ಬೆಳೆದಿತ್ತು. ಆ ವಿಮಾನ ತಯಾರಾದದ್ದು 2007ರಲ್ಲಿ, ಹಳೆಯದೇನಲ್ಲ. ಆದರೆ ತರಬೇತಿ ಶಾಲೆಯ ವಿಮಾನಗಳು ಮೇಲಿಂದ ಮೇಲೆ ಇಳಿಯುತ್ತವೆ, ಕೆಳಮಟ್ಟದ ಗಾಳಿಯ ಹೊಡೆತ ತಿನ್ನುತ್ತವೆ. 2019ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಮೌಂಟ್ ಐಸಾ ಬಳಿ ಸರ್ವೇಕ್ಷಣೆಗೆ ಹೋಗಿದ್ದ ಸೆಸ್ನಾ 210 ವಿಮಾನದ ರೆಕ್ಕೆಯೂ ಹೀಗೆಯೇ ಕಳಚಿತು. ಅಲ್ಲಿ ಬಿರುಕು ಹುಟ್ಟಿದ್ದು ಸ್ಪಾರ್ ಮೇಲಿನ ಒಂದು ಸಣ್ಣ ತುಕ್ಕಿನ ಗುಳಿಯಲ್ಲಿ. ಈ ಎರಡರ ಬಳಿಕ ಆಯಾ ಮಾದರಿಯ ವಿಮಾನಗಳಿಗೆ, ಕಣ್ಣಿಗೆ ಕಾಣದ ಬಿರುಕನ್ನೂ ವಿದ್ಯುತ್ತಿನಿಂದ ಪತ್ತೆಹಚ್ಚುವ ಎಡ್ಡಿ ಕರೆಂಟ್ ಪರೀಕ್ಷೆಯ ಆದೇಶಗಳು ಬಂದವು. ಆದ್ದರಿಂದ ವಿಮಾನ ಎಷ್ಟು ಹಾರಿತು ಎನ್ನುವುದರ ಜೊತೆಗೆ ಯಾವ ಕೆಲಸಕ್ಕೆ ಹಾರಿತು, ಕಡಲ ಗಾಳಿ ಬೀಸುವಲ್ಲಿ ಎಷ್ಟು ಕಾಲ ನಿಂತಿತ್ತು ಎಂಬುದನ್ನೂ ಕೇಳಿ ತಿಳಿಯಬೇಕು.

ಅಲ್ಯೂಮಿನಿಯಮ್‌ನ ತುಕ್ಕು ಕೆಂಪಾಗಿರುವುದಿಲ್ಲ. ಬಣ್ಣದ ಕೆಳಗೆ ಗುಳ್ಳೆಯಾಗಿ, ತಗಡಿನ ಕೂಡುಗಳಲ್ಲಿ ಬಿಳಿಯ ಪುಡಿಯಾಗಿ ಕಾಣುತ್ತದೆ. ತಪಾಸಣೆಯ ಮುಚ್ಚಳಗಳನ್ನೆಲ್ಲ ತೆಗೆಸಿ ರೆಕ್ಕೆಯ ಒಳಗೆ, ಆಸನಗಳ ಕೆಳಗೆ, ಬಾಲದ ಒಳಗೆ ದೀಪ ಹಿಡಿದು ನೋಡಬೇಕು. ರಿವೆಟ್ಟಿನ ಹಿಂದೆ ಹೊಗೆ ಎಳೆದಂತೆ ಕಪ್ಪು ಗೆರೆ ಮೂಡಿದ್ದರೆ ಆ ರಿವೆಟ್ ಸಡಿಲವಾಗಿ ಅಲುಗಾಡುತ್ತಿದೆ. ರೆಕ್ಕೆಯ ತಳದಲ್ಲಿ ನೀಲಿ ಕಲೆಯಿದ್ದರೆ ಇಂಧನ ಸೋರುತ್ತಿದೆ, ಏಕೆಂದರೆ 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಹೊಸ ಬಣ್ಣ ಬಳಿದು ಥಳಥಳಿಸುವ ವಿಮಾನವನ್ನು ಕಂಡರೆ ಒಂದು ದಾಖಲೆಯನ್ನು ತಪ್ಪದೆ ಕೇಳುತ್ತೇನೆ: ರೆಕ್ಕೆ ಮತ್ತು ಬಾಲದಲ್ಲಿ ಅಲುಗಾಡುತ್ತಾ ವಿಮಾನವನ್ನು ನಿಯಂತ್ರಿಸುವ ಏಲರಾನ್, ಎಲಿವೇಟರ್, ರಡ್ಡರ್‌ಗಳನ್ನು ಬಣ್ಣ ಬಳಿದ ಮೇಲೆ ಮತ್ತೆ ತೂಗಿ ಸಮತೋಲನ ಮಾಡಿದರೇ? ಅವುಗಳ ಹಿಂಬದಿಯಲ್ಲಿ ಬಣ್ಣದ ತೂಕ ಹೆಚ್ಚಾದರೆ ವೇಗದಲ್ಲಿ ಫ್ಲಟರ್, ಅಂದರೆ ತಾನೇ ತಾನಾಗಿ ಹೆಚ್ಚುತ್ತಾ ಹೋಗುವ ಕಂಪನ, ಹುಟ್ಟಬಹುದು. ಅದು ಕ್ಷಣಗಳಲ್ಲಿ ಬಾಲವನ್ನೇ ಮುರಿಯಬಲ್ಲದು.

ಇಷ್ಟನ್ನೂ ಲಾಗ್‌ಬುಕ್‌ಗಳ ಎದುರಿಟ್ಟು ನೋಡಬೇಕು. ಏರ್‌ಫ್ರೇಮ್, ಎಂಜಿನ್, ಪ್ರೊಪೆಲ್ಲರ್ ಇವುಗಳ ಲಾಗ್‌ಬುಕ್‌ಗಳು ಮೊದಲ ದಿನದಿಂದ ಇವೆಯೇ, ಅವುಗಳಲ್ಲಿರುವ ಸೀರಿಯಲ್ ಸಂಖ್ಯೆಗಳು ತಗಡಿನ ಮೇಲೆ ಕೆತ್ತಿದವುಗಳಿಗೆ ಹೊಂದುತ್ತವೆಯೇ ಎಂದು ನೋಡಿ. ಗಂಟೆ ತೋರಿಸುವ ಟ್ಯಾಕೋಮೀಟರನ್ನು ಎಂದಾದರೂ ಬದಲಿಸಿದ್ದರೆ ಹಳೆಯದರ ಅಂಕಿ ದಾಖಲಾಗಿರಬೇಕು. ಇಲ್ಲದಿದ್ದರೆ ‘ಒಟ್ಟು ಗಂಟೆ’ ಎಂಬುದು ಬರಿಯ ಊಹೆ. ಕಾರಣ ಬರೆಯದೆ ಪ್ರೊಪೆಲ್ಲರ್ ಬದಲಿಸಿದ ನಮೂದು ಸಿಕ್ಕರೆ ಅಲ್ಲಿ ನಿಲ್ಲಿ. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಎಂಜಿನ್ನನ್ನೂ ಬಿಚ್ಚಿ ಪರೀಕ್ಷಿಸಿರಬೇಕು, ಆ ಪರೀಕ್ಷೆಯ ದಾಖಲೆ ಇರಲೇಬೇಕು. ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳ (ಸುರಕ್ಷತೆಗಾಗಿ ವಿಮಾನಯಾನ ಪ್ರಾಧಿಕಾರ ಹೊರಡಿಸುವ ಕಡ್ಡಾಯ ಆದೇಶಗಳ) ಪಟ್ಟಿಯನ್ನು ಮಾರುವವರಿಂದ ಪಡೆದು ಸುಮ್ಮನಾಗದೆ ನಿಮ್ಮ ಮೆಕ್ಯಾನಿಕ್ಕೇ ಹೊಸದಾಗಿ ತಯಾರಿಸಲಿ. ಏರ್‌ಫ್ರೇಮಿನದಷ್ಟೇ ಅಲ್ಲದೆ ಮ್ಯಾಗ್ನೆಟೋ, ಕಾರ್ಬ್ಯುರೇಟರ್, ಪ್ರೊಪೆಲ್ಲರ್‌ಗಳದ್ದೂ ಅದರಲ್ಲಿರಲಿ. ರೇಡಿಯೊ, ಆಟೋಪೈಲಟ್ ಮುಂತಾದ ಅಳವಡಿಕೆಗಳಿಗೆ ಅನುಮೋದನೆಯ ಪತ್ರಗಳಿವೆಯೇ, ಅವು ನಿಮ್ಮ ದೇಶದಲ್ಲಿ ನಡೆಯುತ್ತವೆಯೇ, ತೂಕದ ದಾಖಲೆಯನ್ನು ಅದಕ್ಕೆ ತಕ್ಕಂತೆ ತಿದ್ದಿದ್ದಾರೆಯೇ ಎಂಬುದನ್ನೂ ಅವರೇ ನೋಡಬಲ್ಲರು.

ಒಡೆತನ ಮತ್ತು ಸಾಲದ ವಿಚಾರವನ್ನು ವಕೀಲರ ಅಥವಾ ವಿಮಾನ ವ್ಯವಹಾರ ಬಲ್ಲವರ ಮೂಲಕ ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ವಿಮಾನದ ಮೇಲೆ ಬ್ಯಾಂಕಿನ ಸಾಲವೋ ಗ್ಯಾರೇಜಿನ ಬಾಕಿಯೋ ಇದ್ದರೆ ಅದು ವಿಮಾನದ ಜೊತೆಗೇ ನಿಮ್ಮ ಬಳಿ ಬರಬಹುದು. ವಿಮೆಯ ದರವನ್ನೂ ಮುಂಚಿತವಾಗಿಯೇ ಕೇಳಿ.

ಖರೀದಿಪೂರ್ವ ತಪಾಸಣೆ ಎಂಬುದಕ್ಕೆ ವಾರ್ಷಿಕ ತಪಾಸಣೆಗಿರುವಂತೆ ನಿಯಮದಲ್ಲಿ ಗೊತ್ತುಮಾಡಿದ ರೂಪವಿರುವುದಿಲ್ಲ. ಏನನ್ನು ಬಿಚ್ಚಬೇಕು, ಏನನ್ನು ಅಳೆಯಬೇಕು ಎಂಬುದನ್ನು ನೀವೇ ಬರೆದುಕೊಡಬೇಕು. ಆ ವಿಮಾನವನ್ನು ಈವರೆಗೆ ನೋಡಿಕೊಂಡ ಮೆಕ್ಯಾನಿಕ್ ಎಷ್ಟೇ ಸಜ್ಜನರಾಗಿದ್ದರೂ ಈ ಕೆಲಸ ಅವರಿಗೆ ಕೊಡಬೇಡಿ, ತಮ್ಮದೇ ಹಳೆಯ ಸಹಿಗಳನ್ನು ಅವರು ಪ್ರಶ್ನಿಸಬೇಕಾಗುತ್ತದೆ. ತಪಾಸಣೆಯಲ್ಲಿ ವಿಮಾನ ಹಾರಲು ಯೋಗ್ಯವಲ್ಲವೆಂದು ಕಂಡುಬಂದರೆ ಮುಂಗಡ ಪೂರ್ತಿ ವಾಪಸು ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಲಿ. ಹಾರಿಸಿ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ವರ್ಷಗಟ್ಟಲೆ ನಿಂತ ವಿಮಾನವನ್ನು ತಪಾಸಣೆಗೆ ಮುನ್ನ ಹಾರಿಸುವುದು ಸಲ್ಲದು, ಮಾರುವವರು ಎಷ್ಟೇ ಒತ್ತಾಯಿಸಿದರೂ ಹತ್ತಬೇಡಿ. ಸದ್ಯಕ್ಕೆ ಲಾಗ್‌ಬುಕ್‌ಗಳ ಎಲ್ಲ ಪುಟಗಳ ಸ್ಕ್ಯಾನ್ ಕಳಿಸುವಂತೆ ಕೇಳಿ. ಕಳೆದ ಹತ್ತು ವರ್ಷಗಳಲ್ಲಿ ಪ್ರತಿ ವರ್ಷ ಎಷ್ಟು ಗಂಟೆ ಹಾರಿದೆ ಎಂದು ಅವುಗಳಿಂದ ಬರೆದುಕೊಂಡು ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ವಿಮಾನ ನೋಡಲು ಹೋಗಿ.