ಓದುಗರ ಪ್ರಶ್ನೆ, ನಮ್ಮ ಉತ್ತರ: ಕಣ್ಣಳತೆಯ ಕಮಾನು, ಲೆಕ್ಕದ ಕಮಾನು

ಪ್ರಶ್ನೆ: ನಮ್ಮದು ಮರಗೆಲಸದ ಸಣ್ಣ ಘಟಕ. 2,400 ಮಿ.ಮೀ. ಅಗಲದ ಬಾಗಿಲಿನ ಮೇಲೆ ಕೂರಿಸಲು 400 ಮಿ.ಮೀ. ಎತ್ತರದ ಕಮಾನನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದೆ. ಪೆನ್ ಟೂಲ್‌ನಿಂದ ಎರಡು ತುದಿಗಳನ್ನು ಗುರುತಿಸಿ ನಡುವೆ ಬಗ್ಗಿಸಿದ್ದೆ. ತೆರೆಯ ಮೇಲೆ ಅಂದವಾಗಿಯೇ ಇತ್ತು. ಆದರೆ ಯಂತ್ರದಲ್ಲಿ ಕೊಯ್ದ ಪಟ್ಟಿಯನ್ನು ಎಡಬಲ ಮಗುಚಿಟ್ಟರೆ ಅಂಚು ಕೂಡುತ್ತಿಲ್ಲ. ತಪ್ಪು ಎಲ್ಲಿದೆ? (ಓದುಗರು, ಶಿರಸಿ)

ಉತ್ತರ: ನೀವು ಬರೆದದ್ದು ಕಂಸದಂತೆ ಕಾಣುವ ಒಂದು ಬಾಗು, ವೃತ್ತದ ಕಂಸವಲ್ಲ. ಪೆನ್ ಟೂಲ್ ಎಳೆಯುವ ಬಾಗುಗೆರೆಗೆ ಬೆಜಿಯೇ ರೇಖೆ ಎಂದು ಹೆಸರು; ಅದರ ಆಕಾರವನ್ನು ಹಿಡಿಕೆಗಳ, ಅಂದರೆ ತುದಿಬಿಂದುಗಳಿಂದ ಹೊರಡುವ ನಿಯಂತ್ರಣ ಗೆರೆಗಳ ಉದ್ದ ಮತ್ತು ದಿಕ್ಕು ನಿರ್ಧರಿಸುತ್ತವೆ. ಅವುಗಳನ್ನು ಕಣ್ಣಳತೆಯಲ್ಲಿ ಎಳೆದಾಗ ಒಂದು ಬದಿ ತುಸು ಉಬ್ಬಿ, ಇನ್ನೊಂದು ಬದಿ ತುಸು ಚಪ್ಪಟೆಯಾಗುತ್ತದೆ. ಬೆಜಿಯೇ ರೇಖೆಯೇ ಇದಕ್ಕೆ ಕಾರಣವೆಂದು ಹಲವರು ದೂರುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ಅದು ವೃತ್ತವನ್ನು ಪೂರ್ತಿಯಾಗಿ ಅನುಸರಿಸಲಾರದು ಎಂಬುದು ನಿಜವಾದರೂ, ಕಾಲು ವೃತ್ತಕ್ಕೆ ಹಿಡಿಕೆಯ ಉದ್ದವನ್ನು ತ್ರಿಜ್ಯದ 0.5523 ಪಟ್ಟು ಇಟ್ಟರೆ ಉಳಿಯುವ ದೋಷ ತ್ರಿಜ್ಯದ ಶೇ 0.027ರಷ್ಟು ಮಾತ್ರ. ಎರಡು ಮೀಟರ್ ತ್ರಿಜ್ಯದಲ್ಲಿ ಅದು ಸುಮಾರು ಅರ್ಧ ಮಿ.ಮೀ.; ಗರಗಸದ ಹಲ್ಲು ತಿಂದುಹಾಕುವ ಮರ ಅದಕ್ಕಿಂತ ಹೆಚ್ಚು.

ಆದ್ದರಿಂದ ಮೊದಲು ತ್ರಿಜ್ಯವನ್ನು ಲೆಕ್ಕ ಹಾಕಿಕೊಳ್ಳಿ. ನಮ್ಮ ಹಳೆಯ ಗಣಿತದಲ್ಲಿ ಕಂಸಕ್ಕೆ ಚಾಪ, ಅಂದರೆ ಬಿಲ್ಲು, ಅದರ ಎರಡು ತುದಿಗಳನ್ನು ಕೂಡಿಸುವ ಗೆರೆಗೆ ಜ್ಯಾ, ಅಂದರೆ ಹೆದೆ, ನಡುವಿನ ಎತ್ತರಕ್ಕೆ ಶರ, ಅಂದರೆ ಬಾಣ ಎಂಬ ಹೆಸರುಗಳಿದ್ದವು. ಅರ್ಧ ಜ್ಯಾದ ವರ್ಗವನ್ನು ಶರದಿಂದ ಭಾಗಿಸಿ, ಬಂದದ್ದಕ್ಕೆ ಶರವನ್ನು ಕೂಡಿಸಿದರೆ ವ್ಯಾಸ ಸಿಗುತ್ತದೆ ಎಂಬ ಸೂತ್ರ 1150ರ ‘ಲೀಲಾವತಿ’ಯಲ್ಲಿಯೇ ಇದೆ. ನಿಮ್ಮ ಅರ್ಧ ಜ್ಯಾ 1,200. ಅದರ ವರ್ಗವಾದ 14,40,000ವನ್ನು 400ರಿಂದ ಭಾಗಿಸಿದರೆ 3,600. ಅದಕ್ಕೆ 400 ಕೂಡಿಸಿದರೆ ವ್ಯಾಸ 4,000, ತ್ರಿಜ್ಯ 2,000 ಮಿ.ಮೀ. ಅರ್ಧ ಜ್ಯಾಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತ 0.6 ಆದ್ದರಿಂದ, ನೆತ್ತಿಯಿಂದ ಪ್ರತಿ ತುದಿಗೆ ಇರುವ ಕೋನ 36.87 ಡಿಗ್ರಿ.

ಈಗ ದೀರ್ಘವೃತ್ತದ ಟೂಲ್ ತೆಗೆದುಕೊಂಡು, ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಒಂದು ವೃತ್ತ ಬರೆಯಿರಿ. ಮೇಲಿನ ಪಟ್ಟಿಯ ಎರಡೂ ತ್ರಿಜ್ಯಗಳ ಜಾಗದಲ್ಲಿ 2,000 ಮಿ.ಮೀ. ತುಂಬಿರಿ. ಇಂಕ್‌ಸ್ಕೇಪ್‌ನಲ್ಲಿ ಸಾಮಾನ್ಯವಾಗಿ ಕೋನದ ಎಣಿಕೆ ಗಡಿಯಾರದ ಮೂರು ಗಂಟೆಯ ಸ್ಥಾನದಿಂದ ಶುರುವಾಗಿ ಮುಳ್ಳಿನ ದಿಕ್ಕಿನಲ್ಲಿಯೇ ಏರುತ್ತದೆ. ಶಾಲೆಯಲ್ಲಿ ಕಲಿತ ಕ್ರಮಕ್ಕೆ ಇದು ತಿರುವುಮುರುವು, ಹೊಸಬರೆಲ್ಲ ಎಡವುವುದು ಇಲ್ಲಿಯೇ. ಹಾಗಾಗಿ ನೆತ್ತಿ ಇರುವುದು 270 ಡಿಗ್ರಿಯಲ್ಲಿ. ಸ್ಟಾರ್ಟ್ ಎಂಬಲ್ಲಿ 233.13, ಎಂಡ್ ಎಂಬಲ್ಲಿ 306.87 ಕೊಟ್ಟು ಆರ್ಕ್ ಗುಂಡಿಯನ್ನು ಒತ್ತಿದರೆ ನಿಮ್ಮ ಕಮಾನು ನಿಲ್ಲುತ್ತದೆ. ಆಯ್ಕೆಯ ಟೂಲ್‌ನಿಂದ ಅಳೆದಾಗ 2,400ಕ್ಕಿಂತ ತುಸು ಹೆಚ್ಚು ಕಂಡರೆ ಗಾಬರಿಯಾಗಬೇಡಿ, ಅಲ್ಲಿ ಗೆರೆಯ ದಪ್ಪವೂ ಸೇರಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಬೌಂಡಿಂಗ್ ಬಾಕ್ಸನ್ನು, ಅಂದರೆ ಆಕೃತಿಯನ್ನು ಸುತ್ತುವರಿದ ಅಳತೆಯ ಚೌಕಟ್ಟನ್ನು, ಜ್ಯಾಮಿಟ್ರಿಕ್ ಎಂದು ಬದಲಿಸಿದರೆ 2,400 ಮತ್ತು 400 ಎಂದೇ ತೋರಿಸಬೇಕು. ತೋರಿಸದಿದ್ದರೆ ಮರಕ್ಕೆ ಗರಗಸ ಮುಟ್ಟಿಸಬೇಡಿ.

ಪ್ರಶ್ನೆ: ಸಂಘದ ಲಾಂಛನಕ್ಕಾಗಿ ಕಂಸದ ಮೇಲೆ ಕನ್ನಡ ಅಕ್ಷರ ಕೂರಿಸಿದರೆ ಒತ್ತಕ್ಷರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿಗೆ ಈ ತೊಂದರೆ ಇಲ್ಲ. ಏಕೆ? (ಓದುಗರು, ಧಾರವಾಡ)

ಉತ್ತರ: ಮೇಲ್ಮುಖ ಕಂಸದಲ್ಲಿ ಅಕ್ಷರಗಳ ತಲೆಗಳು ಬಿಚ್ಚಿಕೊಳ್ಳುತ್ತವೆ, ಬುಡಗಳು ಒತ್ತಿಕೊಳ್ಳುತ್ತವೆ; ನಮ್ಮ ಒತ್ತುಗಳು ನೇತಾಡುವುದು ಬುಡದಲ್ಲಿಯೇ. ತ್ರಿಜ್ಯ 40 ಮಿ.ಮೀ. ಇದ್ದು ಒತ್ತು 10 ಮಿ.ಮೀ. ಕೆಳಗಿಳಿದರೆ ಅಲ್ಲಿ ಸಿಗುವ ಜಾಗ ಕಾಲುಭಾಗ ಕುಗ್ಗುತ್ತದೆ; ತ್ರಿಜ್ಯ 200 ಆದರೆ ಅದೇ ಒತ್ತಿಗೆ ಕುಗ್ಗುವುದು ಶೇ 5 ಮಾತ್ರ. ‘ರಾಷ್ಟ್ರೀಯ’, ‘ಲಕ್ಷ್ಮೀ’ಯಂಥ ಪದಗಳಿದ್ದರೆ ತ್ರಿಜ್ಯವನ್ನು ಹಿಗ್ಗಿಸಿ, ಇಲ್ಲವೇ ಅಕ್ಷರವನ್ನು ಕಿರಿದಾಗಿಸಿ ಪದಗಳ ನಡುವೆ ಅಂತರ ಕೊಡಿ. ಒತ್ತನ್ನು ಬಿಡಿಸಿ ಪಕ್ಕಕ್ಕೆ ತಳ್ಳುವ ಅಭ್ಯಾಸ ಕೆಲವು ಮುದ್ರಣಾಲಯಗಳಲ್ಲಿದೆ. ಓದುವವರಿಗೆ ಅದು ಕಾಗುಣಿತದ ತಪ್ಪಿನಂತೆ ಕಾಣುತ್ತದೆ.

ಪ್ರಶ್ನೆ: ಚಿತ್ರವನ್ನು ಅಕ್ಷರ-ಅಂಕಿಗಳಲ್ಲಿ ವಿವರಿಸುವ ಎಸ್‌ವಿಜಿ ಸಂಕೇತವನ್ನು ಕೈಯಿಂದಲೇ ಬರೆದಾಗ ಕಮಾನು ತೊಟ್ಟಿಲಿನಂತೆ ಕೆಳಗೆ ಜೋತುಬೀಳುತ್ತದೆ. (ಓದುಗರು, ಮೈಸೂರು)

ಉತ್ತರ: ಎರಡು ಬಿಂದು ಮತ್ತು ಒಂದು ತ್ರಿಜ್ಯಕ್ಕೆ ಸಾಮಾನ್ಯವಾಗಿ ನಾಲ್ಕು ಕಂಸಗಳು ಸಾಧ್ಯ, ಯಾವುದು ಬೇಕೆಂದು ಹೇಳುವುದು ಕಂಸ ಬರೆಯುವ ಆಜ್ಞೆಯ ನಡುವಿನ ಎರಡು ಸೊನ್ನೆ-ಒಂದುಗಳು. ಮೊದಲನೆಯದು ದೊಡ್ಡ ಕಂಸವೋ ಸಣ್ಣದೋ ಎಂಬುದನ್ನು, ಎರಡನೆಯದು ದಿಕ್ಕನ್ನು ತಿಳಿಸುತ್ತದೆ. ಎಡದಿಂದ ಬಲಕ್ಕೆ ಬರೆಯುವಾಗ ಎರಡನೆಯದನ್ನು 1 ಮಾಡಿ. ತ್ರಿಜ್ಯವು ಬಿಂದುಗಳ ಅಂತರದ ಅರ್ಧಕ್ಕಿಂತ ಕಡಿಮೆಯಾದರೆ ದೋಷಸೂಚನೆಯೇನೂ ಬರುವುದಿಲ್ಲ, ತಂತ್ರಾಂಶ ತಾನೇ ತ್ರಿಜ್ಯವನ್ನು ಹಿಗ್ಗಿಸಿ ಅರ್ಧವೃತ್ತ ಬರೆದುಬಿಡುತ್ತದೆ.