ಕತ್ತರಿಯೂ ಕತ್ತಿಯೂ: ಒಬ್ಬ ಲೇಖಕರಿಗೆ ಉತ್ತರ

ಪ್ರಿಯರೇ,

ಅಮೆರಿಕದ ಫಿಲಡೆಲ್ಫಿಯಾದಿಂದ ಇನ್ನೂರು ವರ್ಷಗಳ ಹಿಂದೆ ಬರುತ್ತಿದ್ದ ‘ಅನಲೆಕ್ಟಿಕ್ ಮ್ಯಾಗಜಿನ್’ ಪತ್ರಿಕೆಯ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾರೆ. ಮೊದಲ ಎರಡು ಪುಟ ‘ಪತ್ರಿಕೆ ಸಮಾಜದ ಕನ್ನಡಿ’ ಎಂದು ಶುರುವಾಗಿ ಗುಟೆನ್‌ಬರ್ಗ್‌ವರೆಗೂ ಹೋಗಿ ಬರುತ್ತವೆ. ಅವನ್ನು ಹರಿದು ಹಾಕಿ.

ಮೂರನೇ ಪುಟದ ಕೊನೆಗೆ ಒಂದು ಸಾಲಿದೆ: ‘ಬ್ರಿಟಿಷ್ ಪತ್ರಿಕೆಗಳ ಬರಹಗಳನ್ನೂ ಇದರಲ್ಲಿ ಮರುಮುದ್ರಿಸುತ್ತಿದ್ದರು.’ ಅಷ್ಟು ಹೇಳಿ ದಾಟಿಬಿಟ್ಟಿರಲ್ಲ! ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. 1812–13ರ ಕಾಲ, ಅಮೆರಿಕ ಬ್ರಿಟನ್ ಜೊತೆ ಯುದ್ಧದಲ್ಲಿದೆ. ಮೋಸೆಸ್ ಥಾಮಸ್ ಎಂಬ ಪ್ರಕಾಶಕ ‘ಸೆಲೆಕ್ಟ್ ರಿವ್ಯೂಸ್’ ಪತ್ರಿಕೆಯನ್ನು ಕೊಂಡು, ಹೊಸ ಹೆಸರಿಟ್ಟು, ಲೇಖಕ ವಾಷಿಂಗ್ಟನ್ ಇರ್ವಿಂಗ್‌ನನ್ನು ವರ್ಷಕ್ಕೆ 1500 ಡಾಲರ್ ಸಂಬಳಕ್ಕೆ ಸಂಪಾದಕನಾಗಿ ಕೂರಿಸುತ್ತಾನೆ. ಅವನ ಮುಖ್ಯ ಕೆಲಸ ಬ್ರಿಟಿಷ್ ಪತ್ರಿಕೆಗಳಿಗೆ ಕತ್ತರಿ ಹಾಕುವುದು. ಪರದೇಶದ ಬರಹಗಾರರಿಗೆ ಅಲ್ಲಿ 1891ರವರೆಗೂ ಹಕ್ಕುಸ್ವಾಮ್ಯದ ರಕ್ಷಣೆ ಇರಲಿಲ್ಲ, ಕತ್ತರಿಸಿದ್ದೆಲ್ಲ ಪುಕ್ಕಟೆ. ಅದೇ ಕೈಯಲ್ಲಿ ಅವನು ಬ್ರಿಟಿಷರೊಂದಿಗೆ ಕಾದಾಡಿದ ನೌಕಾಧಿಕಾರಿಗಳಾದ ಲಾರೆನ್ಸ್, ಬರೋಸ್, ಪೆರಿ, ಪೋರ್ಟರ್ ಇವರ ಜೀವನಚಿತ್ರಗಳನ್ನೂ ಬರೆದ. ಶತ್ರುವಿನ ಗದ್ಯದಿಂದ ಪುಟ ತುಂಬಿಸಿಕೊಂಡು, ಶತ್ರುವನ್ನು ಹೊಡೆದವರನ್ನು ಹೊಗಳುವ ಪತ್ರಿಕೆ! ಇಂಥದ್ದು ಕೈಗೆ ಸಿಕ್ಕಿರುವಾಗ ನೀವು ಸಂಚಿಕೆಗಳ ಪಟ್ಟಿ ಮಾಡುತ್ತಾ ಕೂತಿದ್ದೀರಿ.

‘ಶೌರ್ಯ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಹಡಗು ಮಾತ್ರ ಒಂದೂ ಕಾಣಲಿಲ್ಲ. 1813ರ ಸೆಪ್ಟೆಂಬರ್ 5ರಂದು ಮೇನ್ ಕರಾವಳಿಯಲ್ಲಿ ಬರೋಸ್‌ನ ‘ಎಂಟರ್‌ಪ್ರೈಸ್’ ಬ್ರಿಟಿಷರ ‘ಬಾಕ್ಸರ್’ ಹಡಗನ್ನು ಸೋಲಿಸಿತು. ಎರಡೂ ಕಡೆಯ ಕಪ್ತಾನರು ಸತ್ತರು. ಪೋರ್ಟ್‌ಲೆಂಡ್ ಊರಿನವರು ಇಬ್ಬರನ್ನೂ ಅಕ್ಕಪಕ್ಕದಲ್ಲೇ ಮಣ್ಣು ಮಾಡಿದರು. ಆ ಎರಡು ಗೋರಿಗಳನ್ನು ತೋರಿಸಿ, ಹದಿನಾಲ್ಕು ಶೌರ್ಯಗಳನ್ನೂ ತೆಗೆಯಿರಿ.

ಒಂದು ತಪ್ಪು ತಿದ್ದಿಕೊಳ್ಳಿ. ಮುಂದೆ ಅಮೆರಿಕದ ರಾಷ್ಟ್ರಗೀತೆಯಾದ ಫ್ರಾನ್ಸಿಸ್ ಸ್ಕಾಟ್ ಕೀಯ ಪದ್ಯ ಮೊದಲು ಅಚ್ಚಾದದ್ದು ಈ ಪತ್ರಿಕೆಯಲ್ಲಲ್ಲ. 1814ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಅದು ಕರಪತ್ರವಾಗಿ ಬಂತು. ‘ಅನಲೆಕ್ಟಿಕ್’ ನವೆಂಬರ್‌ನಲ್ಲಿ ಮರುಮುದ್ರಿಸಿತು. ಇಲ್ಲೂ ಕತ್ತರಿಯದೇ ಕೆಲಸ.

‘ಇತರ ಬರಹಗಳು’ ಎಂಬ ಮೂಲೆಗೆ ನೀವು ತಳ್ಳಿದ ಎರಡು ಪ್ರಬಂಧಗಳನ್ನು ಮುಂದಕ್ಕೆ ತನ್ನಿ. 1814ರಲ್ಲಿ, ಅಮೆರಿಕದ ದಂಡನಾಯಕ ಜಾಕ್ಸನ್‌ನ ಸೇನೆ ಮೂಲನಿವಾಸಿಗಳಾದ ಕ್ರೀಕ್ ಜನರನ್ನು ಸದೆಬಡಿಯುತ್ತಿದ್ದ ವರ್ಷದಲ್ಲೇ, ಇರ್ವಿಂಗ್ ಮೂಲನಿವಾಸಿಗಳ ಪರವಾಗಿ ಬರೆದ. ಒಂದು ಪ್ರಬಂಧವಂತೂ 1670ರ ದಶಕದಲ್ಲಿ ವಲಸಿಗರ ವಿರುದ್ಧ ಹೋರಾಡಿ ಸತ್ತ ಮೂಲನಿವಾಸಿ ನಾಯಕ, ಪೊಕನೊಕೆಟ್‌ನ ಫಿಲಿಪ್ ಬಗ್ಗೆ. ನೌಕಾವೀರರನ್ನು ಹೊಗಳಿದ ಲೇಖನಿಗೆ ಈ ಅನುಕಂಪ ಎಲ್ಲಿಂದ ಬಂತು? ನಿಮ್ಮ ಉತ್ತರ ಓದಲು ನನಗೆ ಆಸೆಯಿದೆ.

ಶುರು ಎಲ್ಲಿಂದ ಎಂದು ಕೇಳುತ್ತೀರಿ. ಹಡ್ಸನ್ ನದಿಯ ಸ್ಟೀಮ್‌ಬೋಟ್‌ನಿಂದ. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಬೆಂಕಿ ಇಟ್ಟ ಸುದ್ದಿ ಇರ್ವಿಂಗ್‌ಗೆ ಸಿಕ್ಕಿದ್ದು ಅಲ್ಲಿ. ಯಾರೋ ಪ್ರಯಾಣಿಕ ಅದನ್ನು ಲೇವಡಿ ಮಾಡಿದಾಗ ಸಿಟ್ಟಿಗೆದ್ದವನು, ಮುಂದೆ ನ್ಯೂಯಾರ್ಕ್ ಗವರ್ನರ್ ಟಾಂಪ್‌ಕಿನ್ಸ್‌ನ ಸೇನಾ ಸಹಾಯಕನಾಗಿ ಸೇರಿಕೊಂಡ. ಸಂಪಾದಕನ ಕುರ್ಚಿಯನ್ನೂ ಆ ವರ್ಷವೇ ಬಿಟ್ಟ.

ಪತ್ರಿಕೆಯಲ್ಲಿ ಬಂದ 1819ರ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಕುರಿತ ಭಾಗ ಚೆನ್ನಾಗಿದೆ, ಆದರೆ ಅದು ಬೇರೆಯೇ ಲೇಖನ, ಎತ್ತಿಡಿ. ಉಳಿದದ್ದು ಸಾವಿರ ಪದ ಮೀರದಿರಲಿ. ಯುಗಾದಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ.